ದಡ ಸೇರಿದ ಬಿರುಗಾಳಿ

ನಮ್ಮ ಶಾಲೆಯ ಜಗಲಿಯಲ್ಲಿ, ಕುಡಿಯುವ ನೀರಿನ ಪಾತ್ರೆಯ ಪಕ್ಕದ ಗೋಡೆಗೆ, ಹಳೆಯದೊಂದು ಕರಿಹಲಗೆಯನ್ನು ತೂಗಹಾಕಿದ್ದೇವೆ. ಪಾಠಕ್ಕೆ ಒದಗದಷ್ಟು ಸವೆದುಹೋದ ಹಲಗೆಯದು. ಪ್ರತಿದಿನವೂ ಶಾಲೆ ಬಿಡುವ ಮೊದಲು ಅದರ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಾಗುತ್ತದೆ: ಇಂದು ಬಿದ್ದ ಮಳೆಯೆಷ್ಟು, ನಾಳೆಯ ಎಚ್ಚರಿಕೆಯ ಬಣ್ಣ ಯಾವುದು, ಆ ಬಣ್ಣದ ಅರ್ಥವೇನು, ಮನೆಯವರು ಮಾಡಬೇಕಾದುದೇನು. ಹೊಸದಾಗಿ ಬಂದ ಅತಿಥಿಗಳು ಇದನ್ನು ಕಂಡು ಮೆಚ್ಚಿ ಮಾತನಾಡುವುದುಂಟು. ಆ ಮೆಚ್ಚುಗೆಯನ್ನು ಕೇಳುವಾಗಲೆಲ್ಲ ನನಗೆ ಸಂಕೋಚವಾಗುತ್ತದೆ. ಏಕೆಂದರೆ ಆ ನಾಲ್ಕು ಸಾಲುಗಳು ಹುಟ್ಟಿದುದು ನನ್ನ ಜಾಣತನದಿಂದಲ್ಲ, ನನ್ನದೊಂದು ತಪ್ಪಿನಿಂದ. ಆ ತಪ್ಪನ್ನು ಇಲ್ಲಿ ಹೇಳಿಕೊಂಡರೆ ಉಪಾಧ್ಯಾಯ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ಏನಾದರೂ ಪ್ರಯೋಜನವಾದೀತೆಂದು ನಂಬಿದ್ದೇನೆ.

ನಮ್ಮ ಕಾಸರಗೋಡು ಕಡಲಿಗೂ ಘಟ್ಟಕ್ಕೂ ನಡುವೆ ಹಾಸಿದ ಕಿರಿದಾದ ನೆಲ. ವರ್ಷಕ್ಕೆ 300 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ ಮಳೆಯ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲವೆಂಬುದು ನಮ್ಮೆಲ್ಲರ ಹೆಮ್ಮೆ. ಮಳೆಯೆಂದರೆ ಜೂನಿನಲ್ಲಿ ಪಡುವಣ ಕಡಲಿನಿಂದ ಬರತಕ್ಕದ್ದು. ತುಲಾ ಮಾಸದಲ್ಲಿ ಮಧ್ಯಾಹ್ನದ ಮೇಲೆ ಮೂಡಣ ಘಟ್ಟದ ಕಡೆಯಿಂದ ಗುಡುಗುತ್ತ ಬಂದು ಒಂದೆರಡು ಗಳಿಗೆ ಆರ್ಭಟಿಸಿ ಹೋಗತಕ್ಕದ್ದು. ಅನಂತರ ಆಕಾಶ ತಿಳಿಯಾಗಿ, ಬೆಳಗಿನ ಜಾವ ಚಳಿ ಹುಟ್ಟಿ, ಅಂಗಳಕ್ಕೆ ಅಡಿಕೆ ಇಳಿಯತಕ್ಕದ್ದು. ಈ ಕ್ರಮವನ್ನು ನಾನೂ ಮಕ್ಕಳಿಗೆ ಹೀಗೆಯೇ ಕಲಿಸುತ್ತಿದ್ದೆ. ‘ಚಳಿಗಾಲದಲ್ಲಿ ಆಕಾಶವು ನಿರ್ಮಲವಾಗಿರುತ್ತದೆ’ ಎಂಬ ವಾಕ್ಯವನ್ನು ಎಷ್ಟು ಮಕ್ಕಳಿಂದ ಎಷ್ಟು ಸಲ ಬರೆಯಿಸಿದ್ದೇನೋ ಲೆಕ್ಕವಿಲ್ಲ.

ಆದರೆ ಮೂಡಣ ತೀರದವರಿಗೆ ಇದೇ ಕಾಲ ಭಯದ ಕಾಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಬಂಗಾಳ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಹಾದುಬರುವಾಗ ಅದು ತೇವವನ್ನು ಹೀರಿಕೊಳ್ಳುತ್ತದೆ. ಅಲ್ಲಿ ಎಲ್ಲಾದರೂ ವಾಯುಭಾರ ಕುಸಿದರೆ ಸುತ್ತಣ ಗಾಳಿ ಅತ್ತ ನುಗ್ಗಿ, ಭೂಮಿಯ ತಿರುಗುವಿಕೆಯಿಂದಾಗಿ ಸುಳಿಯಾಗಿ ಸುತ್ತತೊಡಗುತ್ತದೆ. ಬಿಸಿನೀರು ಅದಕ್ಕೆ ಉಣಿಸು. ಉಣಿಸು ದೊರೆತಷ್ಟೂ ಸುಳಿ ಬಲಿಯುತ್ತದೆ. 1964ರ ಡಿಸೆಂಬರ್ 22ರ ರಾತ್ರಿ ಇಂತಹುದೊಂದು ಬಿರುಗಾಳಿ ಧನುಷ್ಕೋಡಿಯೆಂಬ ಊರನ್ನೇ ಅಳಿಸಿಹಾಕಿತು. ಊರನ್ನು ಸಮೀಪಿಸುತ್ತಿದ್ದ ರೈಲುಗಾಡಿಯೊಂದು ಪ್ರಯಾಣಿಕರ ಸಹಿತವಾಗಿ ಕಡಲಿನ ಪಾಲಾಯಿತು. ಇವೆಲ್ಲ ನನಗೆ ತಿಳಿಯದ ಸಂಗತಿಗಳಾಗಿರಲಿಲ್ಲ. ಆದರೆ ತಿಳಿದುದನ್ನು ಭೂಪಟದ ಬಲಬದಿಯಲ್ಲಿಯೇ ಇರಿಸಿದ್ದೆ. ನಮಗೂ ಅದಕ್ಕೂ ನಡುವೆ ಘಟ್ಟವೆಂಬ ಗೋಡೆಯುಂಟೆಂದು ಭಾವಿಸಿದ್ದೆ.

2024ರ ನವೆಂಬರ್ ಕೊನೆಯಲ್ಲಿ ಕೊಲ್ಲಿಯಲ್ಲಿ ‘ಫೆಂಗಲ್’ ಎಂಬ ಚಂಡಮಾರುತವೆದ್ದಿತು. 30ನೆಯ ತಾರೀಕು ಶನಿವಾರ ರಾತ್ರಿ ಅದು ಪುದುಚೇರಿಯ ಬಳಿ ತೀರವನ್ನು ದಾಟಿತು. ಮರುದಿನ ಆದಿತ್ಯವಾರ ಬೆಳಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯ ಅಜ್ಜಿ ಎದುರಾದರು. ಮಗ ದೂರದ ಊರಿನಲ್ಲಿ ಕೆಲಸಕ್ಕಿದ್ದು, ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದುದರಿಂದ ಮನೆಯಲ್ಲಿ ಆಗ ಇದ್ದವರು ಅಜ್ಜಿ ಮತ್ತು ಮೊಮ್ಮಗಳು ಇಬ್ಬರೇ. ಇರುವ ಸ್ವಲ್ಪ ತೋಟದ ಮೊದಲ ಕೊಯಿಲು ಮುಗಿದಿತ್ತು.

“ಮಾಷ್ಟ್ರೇ, ಟೀವಿಯಲ್ಲಿ ತುಫಾನು ತುಫಾನು ಅಂತ ಹೇಳ್ತಾ ಇದ್ದಾರಲ್ಲ, ನಮಗೆ ಮಳೆ ಉಂಟಾ? ಅಡಿಕೆ ಅಂಗಳಕ್ಕೆ ಹಾಕಬಹುದಾ?” ಎಂದು ಕೇಳಿದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಅದು ಆಚೆ ಪುದುಚೇರಿಯಲ್ಲಿ ನಿನ್ನೆಯೇ ದಡ ಸೇರಿತಮ್ಮ. ಇನ್ನು ಮುಗಿದ ಹಾಗೆ. ಧೈರ್ಯವಾಗಿ ಹಾಕಿ” ಎಂದೆ.

“ನೀವು ಹೇಳಿದ ಮೇಲೆ ಆಯಿತು” ಎಂದು ಅವರು ಹೋದರು.

ಆ ‘ದಡ ಸೇರಿತು’ ಎಂಬ ಮಾತನ್ನು ಅನಂತರ ನಾನು ಎಷ್ಟೋ ಸಲ ಮನಸ್ಸಿನಲ್ಲಿ ಮೆಲುಕುಹಾಕಿದ್ದೇನೆ. ದೋಣಿ ದಡ ಸೇರಿದರೆ ಕಷ್ಟ ಮುಗಿಯಿತು. ಕೈಗೊಂಡ ಕಾರ್ಯ ದಡ ಸೇರಿದರೆ ಚಿಂತೆ ಮುಗಿಯಿತು. ನಮ್ಮ ಭಾಷೆಯಲ್ಲಿ ಅದು ನೆಮ್ಮದಿಯ ಮಾತು. ಆದರೆ ಬಿರುಗಾಳಿಯ ವಿಷಯದಲ್ಲಿ ದಡವು ಕೊನೆಯಲ್ಲ. ಕಡಲಿನ ಉಣಿಸು ತಪ್ಪಿ, ನೆಲದ ಒರಸಾಟಕ್ಕೆ ಸಿಕ್ಕಿ, ಗಾಳಿಯ ವೇಗ ಕುಗ್ಗುತ್ತದೆ, ನಿಜ. ಆದರೆ ಅದು ಹೊತ್ತುತಂದ ನೀರು ಎಲ್ಲಿಗೂ ಹೋಗಿರುವುದಿಲ್ಲ. ಹೊರೆ ಹೊತ್ತವನು ಓಡುವುದನ್ನು ಬಿಟ್ಟು ನಡೆಯತೊಡಗಿದನೆಂದ ಮಾತ್ರಕ್ಕೆ ಹೊರೆ ಹಗುರವಾಗುವುದುಂಟೇ?

ಫೆಂಗಲ್ ನಡೆದುಬಂದ ಬಗೆ ಹೀಗಿತ್ತು. ತೀರ ದಾಟಿದ ಬಳಿಕ ಅದು ಪುದುಚೇರಿಯ ಆಸುಪಾಸಿನಲ್ಲಿಯೇ ಬಹಳ ಹೊತ್ತು ಕದಲದೆ ನಿಂತು ಮಳೆ ಸುರಿಸಿತು. ಡಿಸೆಂಬರ್ 1ರ ಸಂಜೆ ತಿರುವಣ್ಣಾಮಲೆಯ ಗುಡ್ಡದ ಮಗ್ಗುಲು ಜರಿದು ಏಳು ಮಂದಿ ಮಣ್ಣಿನಡಿ ಸಿಲುಕಿ ಮಡಿದರು. ಅವರಲ್ಲಿ ಐವರು ಮಕ್ಕಳು. ಅಲ್ಲಿಂದ ಪಡುವಲಿಗೆ ಸರಿದು, ನಮ್ಮ ಹೊಸೂರಿನ ಕನ್ನಡ ಬಾಂಧವರಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಮಕ್ಕಳಿಗೆ ಈ ಸಂಖ್ಯೆಯನ್ನು ನಾನು ಈಗ ಲೆಕ್ಕ ಮಾಡಿಸಿ ತೋರಿಸುತ್ತೇನೆ. ಒಂದು ಚದರ ಮೀಟರು ನೆಲದ ಮೇಲೆ 1 ಸೆಂಟಿಮೀಟರ್ ಮಳೆಯೆಂದರೆ 10 ಲೀಟರು ನೀರು. 50 ಸೆಂಟಿಮೀಟರ್ ಎಂದರೆ 500 ಲೀಟರು. ಒಂದು ಮಣೆ ಹಾಕಿ ಕುಳಿತುಕೊಳ್ಳುವಷ್ಟು ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ಕೊಡ ನೀರು! ಅಷ್ಟನ್ನು ಸುರಿದ ಮೇಲೆಯೂ ಅದರಲ್ಲಿ ನೀರು ಉಳಿದಿತ್ತು. ಆ ಶೇಷವು ಒಳನಾಡನ್ನು ಹಾದು, ನಾನು ಗೋಡೆಯೆಂದು ನಂಬಿದ ಘಟ್ಟವನ್ನು ದಾಟಿ, ಡಿಸೆಂಬರ್ 3ರಂದು ಉತ್ತರ ಕೇರಳ ಮತ್ತು ಕರ್ನಾಟಕ ತೀರದಾಚೆ ಅರಬೀ ಸಮುದ್ರಕ್ಕೆ ಇಳಿಯಿತು. ಎಂದರೆ ಅದು ನಮ್ಮ ಮನೆಯಂಗಳವನ್ನು ತುಳಿದುಕೊಂಡೇ ಹೋಯಿತು.

ಸೋಮವಾರ ಶಾಲೆಯಲ್ಲಿದ್ದಾಗಲೇ ಆಕಾಶ ಕವಿಯಿತು. ಉತ್ತರ ಕೇರಳದ ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಹೊರಟಿತು. ಸಂಜೆಗೆ, ಮರುದಿನ ರಜೆಯೆಂಬ ಸುದ್ದಿ ತಲುಪಿತು. ನಾನು ತರಗತಿಯ ವಾಟ್ಸಾಪ್ ಬಳಗಕ್ಕೆ ‘ನಾಳೆ ಶಾಲೆಗೆ ರಜೆ’ ಎಂಬ ಒಂದು ಸಾಲನ್ನು ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಂಡೆ. ರಜೆಯನ್ನು ತಿಳಿಸಿದೆನೇ ಹೊರತು ರಜೆಯ ಕಾರಣವನ್ನು ತಿಳಿಸಲಿಲ್ಲ. ಹಿಂದಿನ ದಿನ ಅಜ್ಜಿಗೆ ಹೇಳಿದ ಮಾತು ಸುಳ್ಳಾಗುತ್ತಿದೆಯೆಂಬ ನೆನಪೂ ನನಗೆ ಬರಲಿಲ್ಲ.

ರಾತ್ರಿ ಮಳೆ ಬಂತು. ಗುಡುಗು ಸಿಡಿಲುಗಳೊಂದಿಗೆ ಬಂತು. ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಉಳಿಸಿಕೊಳ್ಳಲೆಂದು ಅಜ್ಜಿಯೂ ಮೊಮ್ಮಗಳೂ ಕತ್ತಲಲ್ಲಿ ಹೊರಗೆ ಓಡಿದರು. ಒಬ್ಬರು ಗುಡಿಸಿ ರಾಶಿ ಮಾಡುವುದು, ಮತ್ತೊಬ್ಬರು ಬುಟ್ಟಿಯಲ್ಲಿ ತುಂಬಿ ಜಗಲಿಗೆ ಹೊರುವುದು. ನಾಲ್ಕನೆಯದೋ ಐದನೆಯದೋ ಬುಟ್ಟಿಯನ್ನು ಇಳಿಸಲು ಹುಡುಗಿ ಜಗಲಿಗೆ ಹತ್ತಿದ್ದಳು. ಅಜ್ಜಿ ಟಾರ್ಪಾಲು ತರಲು ಕೊಟ್ಟಿಗೆಯೊಳಗೆ ಹೋಗಿದ್ದರು. ಆ ಒಂದು ಗಳಿಗೆಯಲ್ಲಿ ಅಂಗಳದ ಅಂಚಿನ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಬುಟ್ಟಿ ಅರ್ಧ ಗಳಿಗೆ ತಡವಾಗಿ ತುಂಬಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಬುಧವಾರ ಶಾಲೆಯಲ್ಲಿ ಹುಡುಗಿ ಇದನ್ನೆಲ್ಲ ಕಥೆಯಂತೆ ಉತ್ಸಾಹದಿಂದ ಹೇಳಿದಳು. ಸಂಜೆ ನಾನು ಅವರ ಮನೆಗೆ ಹೋದೆ. ತೆಂಗಿನಮರದ ಸುಳಿ ಸುಟ್ಟು, ಕಾಂಡ ಉದ್ದಕ್ಕೆ ಸೀಳಿತ್ತು. ಜಗಲಿಯಲ್ಲಿ ಹರಡಿದ್ದ ಅಡಿಕೆಯಿಂದ ಮುಗ್ಗಲು ವಾಸನೆ ಬರತೊಡಗಿತ್ತು. ನಲವತ್ತು ದಿನಗಳ ಬಿಸಿಲುಂಡು ಬಿಳಿಯ ಚಾಲಿಯಾಗಬೇಕಾಗಿದ್ದುದರಲ್ಲಿ ಬಹುಭಾಗ ಇನ್ನು ಕರಿಗೋಟಿನ ಬೆಲೆಗೆ ಹೋಗುವುದೆಂದು ನೋಡಿದೊಡನೆಯೇ ತಿಳಿಯುತ್ತಿತ್ತು. ಕ್ಷಮೆ ಕೇಳಬೇಕೆಂದು ಹೋದವನು ಮಾತು ಹೊರಡದೆ ನಿಂತೆ.

“ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ. ಮಳೆಯ ಸಮಾಚಾರ ದೇವರಿಗೇ ಗೊತ್ತಿಲ್ಲ, ಇನ್ನು ನಿಮಗೆ ಹೇಗೆ ಗೊತ್ತಿರುತ್ತದೆ?” ಎಂದು ಅಜ್ಜಿ ನೀರು ಬೆಲ್ಲ ತಂದಿಟ್ಟರು.

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಏಕೆಂದರೆ ಅದು ದೇವರಿಗೆ ಮಾತ್ರ ಗೊತ್ತಿದ್ದ ಸಮಾಚಾರವಾಗಿರಲಿಲ್ಲ. ಸರಿಯಾದ ಎಚ್ಚರಿಕೆ ಹೊರಟಿತ್ತು. ಅದು ಆ ಮನೆಯ ಅಂಗಳಕ್ಕೆ ತಲುಪಿರಲಿಲ್ಲ. ತಲುಪಿಸಬೇಕಾದವನು ನಾನಾಗಿದ್ದೆ.

ಇದಕ್ಕೆ ಏಳು ವರ್ಷಗಳ ಹಿಂದೆಯೂ ಒಂದು ಪಾಠವಾಗಿತ್ತು. 2017ರ ನವೆಂಬರ್ 30ರಂದು ‘ಓಖಿ’ ಚಂಡಮಾರುತವು ಕನ್ಯಾಕುಮಾರಿಯ ಬಳಿ ಅತಿ ಶೀಘ್ರವಾಗಿ ಬಲಿತು ಅರಬೀ ಸಮುದ್ರವನ್ನು ಹೊಕ್ಕು ಲಕ್ಷದ್ವೀಪದತ್ತ ಸಾಗಿತು. ಎಚ್ಚರಿಕೆ ಹೊರಡುವ ವೇಳೆಗೆ ದೂರದ ಕಡಲಿಗೆ ಹೋಗಿದ್ದ ಬೆಸ್ತರನ್ನು ಅದು ತಲುಪುವ ದಾರಿಯಿರಲಿಲ್ಲ. ತಿರುವನಂತಪುರ, ಕನ್ಯಾಕುಮಾರಿ ಜಿಲ್ಲೆಗಳ ನೂರಾರು ಮನೆಗಳ ಗಂಡಸರು ಹಿಂದಿರುಗಲಿಲ್ಲ. ಆಗ ನಾನು ಕಡಲ ಬದಿಯ ಒಂದು ಶಾಲೆಯಲ್ಲಿ ತಾತ್ಕಾಲಿಕ ಉಪಾಧ್ಯಾಯನಾಗಿದ್ದೆ. ಆ ವಾರ ನನ್ನ ಮಕ್ಕಳು ಪುಸ್ತಕವನ್ನು ನೋಡದೆ ಕಿಟಕಿಯಾಚೆಯ ನೀರನ್ನೇ ನೋಡುತ್ತಿದ್ದರು. ನಾನು ಅವರನ್ನು ಗದರಿಸಿದ್ದೆನೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನೀಲಗಿರಿಯಲ್ಲಿರುವ ನಮ್ಮವರಿಗೂ ಈ ಕಾಲ ಹೊಸದಲ್ಲ. ಆ ಬೆಟ್ಟಗಳ ಪಡುವಣ ಮಗ್ಗುಲಿಗೆ ಜೂನ್, ಜುಲೈ ತಿಂಗಳ ಮಳೆ. ಕೂನೂರು, ಕೋತಗಿರಿಗಳಿರುವ ಮೂಡಣ ಮಗ್ಗುಲಿಗೆ ಈಶಾನ್ಯದ ಮಳೆ. ಕೊಲ್ಲಿಯಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ ತಣಿದಾಗ ನೀರು ಒಮ್ಮೆಲೇ ಇಳಿಯುತ್ತದೆ. 2009ರ ನವೆಂಬರಿನಲ್ಲಿ ಹೀಗೆ ಮಳೆ ಸುರಿದು, ನೂರಾರು ಕಡೆ ಗುಡ್ಡ ಜರಿದು, 40ಕ್ಕೂ ಹೆಚ್ಚು ಜನ ಮಡಿದರು. ಬೆಟ್ಟದ ರೈಲುದಾರಿಯೂ ರಸ್ತೆಗಳೂ ಮುರಿದವು. ತೀರದಲ್ಲಿ ಗಾಳಿಯಾಗಿ ಬಂದುದು ಬೆಟ್ಟದಲ್ಲಿ ಮಣ್ಣಾಗಿ ಇಳಿಯುತ್ತದೆ, ನಮ್ಮ ಅಂಗಳದಲ್ಲಿ ಸಿಡಿಲಾಗಿ ಎರಗುತ್ತದೆ. ಘಟ್ಟವು ಗೋಡೆಯಲ್ಲ, ಬಿರುಗಾಳಿಗೆ ಅದು ಏರಿಳಿಯುವ ಮೆಟ್ಟಿಲು.

ಇನ್ನು ಭಾಷೆಯ ಮಾತು. ನಮ್ಮಲ್ಲಿ ಎಚ್ಚರಿಕೆ ಹೊರಡುವುದು ಹೆಚ್ಚಾಗಿ ಮಲಯಾಳದಲ್ಲಿ. ಮಕ್ಕಳಿಗೆ ಅದು ತಿಳಿಯುತ್ತದೆ. ಹಿರಿಯರಲ್ಲಿ ಎಷ್ಟೋ ಮಂದಿಗೆ ಅರೆಬರೆ. ಒಮ್ಮೆ ಹಿರಿಯರೊಬ್ಬರು ದೂರದರ್ಶನದಲ್ಲಿ ‘ಮಞ್ಞ’ ಎಂಬ ಮಾತನ್ನು ಕೇಳಿ, “ಡಿಸೆಂಬರಿನಲ್ಲಿ ಮಂಜು ಬೀಳದೆ ಬೆಂಕಿ ಬೀಳುತ್ತದಾ, ಅದಕ್ಕೂ ಒಂದು ಎಚ್ಚರಿಕೆ!” ಎಂದು ನಕ್ಕಿದ್ದರು. ಮಲಯಾಳದ ಆ ಮಾತು ಹಳದಿ ಬಣ್ಣದ ಹೆಸರು. ಅದನ್ನು ಮಂಜೆಂದು ತಿಳಿದವರು ಮಳೆಗೆ ಸಿದ್ಧರಾಗುವುದು ಹೇಗೆ? ಅವರ ತಪ್ಪೂ ಇಲ್ಲ, ಆ ಭಾಷೆಯ ತಪ್ಪೂ ಇಲ್ಲ. ಎರಡು ಭಾಷೆಗಳ ನಡುವೆ ನಿಂತು ದಾಟಿಸುವವನು ಬೇಕು. ಗಡಿನಾಡಿನ ಕನ್ನಡ ಉಪಾಧ್ಯಾಯನಿಗೆ ಇದಕ್ಕಿಂತ ಮಿಗಿಲಾದ ಭಾಷಾಸೇವೆ ಯಾವುದಿದ್ದೀತು?

ಆದುದರಿಂದ ಆ ಹಳೆಯ ಹಲಗೆಯನ್ನು ಜಗಲಿಗೆ ತಂದೆವು. ಮಕ್ಕಳು ನೆಟ್ಟಗಿನ ಬಾಯಿಯ ಗಾಜಿನ ಭರಣಿಯೊಂದನ್ನು ಬಯಲಲ್ಲಿಟ್ಟು ಅಳತೆಪಟ್ಟಿಯಿಂದ ಮಳೆ ಅಳೆಯುತ್ತಾರೆ. ಹಳದಿಯೆಂದರೆ ದಿನಕ್ಕೆ ಸುಮಾರು 6.5ರಿಂದ 11.5 ಸೆಂಟಿಮೀಟರ್ ಮಳೆ. ಕಿತ್ತಳೆಯೆಂದರೆ ಅಲ್ಲಿಂದ 20ರವರೆಗೆ. ಕೆಂಪೆಂದರೆ 20ಕ್ಕೂ ಮಿಕ್ಕಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಮಕ್ಕಳು ಎಣಿಸುತ್ತಾರೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಮನೆಯೊಳಗೆ ಸೇರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಅಂಗಳಕ್ಕಿಳಿಯಬಾರದು, ಮರದಡಿ ನಿಲ್ಲಬಾರದು. ಹಲಗೆಯ ಕೊನೆಯ ಸಾಲನ್ನು ಮಾತ್ರ ಯಾವಾಗಲೂ ಆ ಹುಡುಗಿಯೇ ಬರೆಯುತ್ತಿದ್ದಳು. ಮಳೆಯ ಸೂಚನೆಯಿದ್ದ ದಿನ ಅವಳು ಬರೆಯುತ್ತಿದ್ದುದು ಇಷ್ಟೇ: ‘ಅಡಿಕೆ ಹೋದರೆ ಹೋಗಲಿ.’

ಅವಳೀಗ ಬೇರೆ ಶಾಲೆಗೆ ಹೋಗುತ್ತಾಳೆ. ಆ ಸಾಲನ್ನು ಇನ್ನೊಬ್ಬ ಹುಡುಗ ಬರೆಯುತ್ತಾನೆ. ಅಜ್ಜಿ ಈಗಲೂ ದಾರಿಯಲ್ಲಿ ಸಿಕ್ಕಿದಾಗ, “ಮಾಷ್ಟ್ರೇ, ಹಲಗೆಯಲ್ಲಿ ಏನು ಬರೆದಿದ್ದೀರಿ?” ಎಂದು ಕೇಳುತ್ತಾರೆ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. “ನಿಲ್ಲಿ ಅಮ್ಮ, ಇನ್ನೊಮ್ಮೆ ನೋಡಿ ಹೇಳುತ್ತೇನೆ” ಎನ್ನುತ್ತೇನೆ.