ಮದುವೆಗೆ ಮುನ್ನ ಕೇಳಬೇಕಾದ ಮಾತು



ವಿದೇಶದಲ್ಲಿರುವ ವರನಿಗೆ ಕನ್ಯೆಯನ್ನು ನಿಶ್ಚಯಿಸುವಾಗ ನಾವು ಮನೆತನ, ಸಂಬಳ, ಗುಣನಡತೆಗಳನ್ನು ವಿಚಾರಿಸುತ್ತೇವೆ. ಆದರೆ ಆ ದೇಶದ ಕಾನೂನು ಕನ್ಯೆಗೆ ದುಡಿಯಲು ಅನುಮತಿ ನೀಡುವುದೋ ಇಲ್ಲವೋ ಎಂದು ಕೇಳುವವರು ವಿರಳ. ಹಾಗೆ ಕೇಳದೆ ತಪ್ಪಿದವರಲ್ಲಿ ನಾನೂ ಒಬ್ಬನೆಂಬುದನ್ನು ಸಂಕೋಚದಿಂದಲೇ ತಮ್ಮಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮದು ಮದ್ದೂರು. ಮಗನು ಎಚ್-1ಬಿ ವೀಸಾದ ಮೇಲೆ ಅಮೆರಿಕೆಯಲ್ಲಿ ಇಂಜಿನಿಯರ್ ಆಗಿದ್ದಾನೆ. ಸೊಸೆ ಮಳವಳ್ಳಿಯ ರೈತ ಕುಟುಂಬದವಳು. ಮಂಡ್ಯದಲ್ಲಿ 1962ರಲ್ಲಿ ಸ್ಥಾಪನೆಯಾದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ನೌಕರಿ ಮಾಡಿದ್ದಳು. ಅವಳ ಓದಿಗಾಗಿ ತಂದೆ ಮಾಡಿದ್ದ ಸಾಲವನ್ನು ಅವಳೇ ತೀರಿಸುತ್ತಿದ್ದಳು. “ಅಲ್ಲಿಯೂ ಕೆಲಸ ಸಿಕ್ಕೇ ಸಿಗುತ್ತದೆ” ಎಂದು ಬೀಗರಿಗೆ ಮಾತು ಕೊಟ್ಟವನು ನಾನೇ.

ಅವಳಿಗೆ ದೊರೆತದ್ದು ಅವಲಂಬಿತರಿಗೆ ಕೊಡುವ ಎಚ್-4 ವೀಸಾ. ಅದರ ಮೇಲೆ ಅಲ್ಲಿ ವಾಸಿಸಬಹುದು, ಓದಬಹುದು, ವೇತನಕ್ಕೆ ದುಡಿಯುವಂತಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ ಕೆಲವರಿಗೆ ಉದ್ಯೋಗಾನುಮತಿ ಪತ್ರ ದೊರೆಯುತ್ತದೆಯಾದರೂ, ಸಾಮಾನ್ಯವಾಗಿ ಅದಕ್ಕೆ ಮೊದಲು ಪತಿಯ ಕಾಯಂ ವಾಸಕ್ಕಾಗಿ ಉದ್ಯೋಗದಾತರು ಸಲ್ಲಿಸುವ ಐ-140 ಅರ್ಜಿ ಅಂಗೀಕೃತವಾಗಿರಬೇಕು. ಮಗನ ವಿಷಯದಲ್ಲಿ ಆ ಅರ್ಜಿ ಇನ್ನೂ ಸಲ್ಲಿಕೆಯಾಗಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದಾಗ, ಪರಿಚಿತ ಅಂಗಡಿಯವರೊಬ್ಬರು, ಲೆಕ್ಕ ಬರೆದುಕೊಟ್ಟರೆ ನಗದಾಗಿ ಹಣ ಕೊಡುವುದಾಗಿ ಸೊಸೆಗೆ ಹೇಳಿದರು. ಒಪ್ಪಿಕೊಳ್ಳೆಂದು ನಾನೂ ಹೇಳಿದೆ. “ಮಾವ, ಅನುಮತಿಯಿಲ್ಲದೆ ಒಂದು ದಿನ ದುಡಿದರೂ ವೀಸಾದ ಕಟ್ಟಳೆ ಮುರಿದಂತೆ. ಮುಂದಿನ ಅರ್ಜಿಗಳಿಗೂ ಕುತ್ತು ಬಂದೀತು” ಎಂದಳು. ಆಮೇಲೆ ಮೆಲ್ಲಗೆ, “ತಂದೆಯ ಸಾಲದ ಕಂತಿಗೆ ಪ್ರತಿ ತಿಂಗಳೂ ಅವರನ್ನು ಕೇಳುವುದೇ ನನಗೆ ಕಷ್ಟ” ಎಂದಳು. ಮಗನು ಎಂದೂ ಇಲ್ಲವೆಂದವನಲ್ಲ. ಆದರೂ ಕಾಯಕದಿಂದ ಗಳಿಸಿದ್ದಕ್ಕೂ ಕೇಳಿ ಪಡೆದುದಕ್ಕೂ ಇರುವ ಅಂತರ ಎಷ್ಟೆಂಬುದು ನನಗೆ ಅಂದು ತಿಳಿಯಿತು.

ಸುಮಾರು ಮೂರು ವರ್ಷಗಳ ನಂತರ ಅನುಮತಿ ಬಂದಿತು. ಕೆಲಸವೂ ಸಿಕ್ಕಿತು, ಬೆಂಗಳೂರಿನಲ್ಲಿದ್ದುದಕ್ಕಿಂತ ಕೆಳಗಿನ ಹುದ್ದೆಯಲ್ಲಿ.

ಆದುದರಿಂದ ತಮ್ಮ ಮನೆಯಲ್ಲಿ ಇಂತಹ ಸಂಬಂಧ ಕೂಡಿಬಂದಾಗ, ವರನ ವೀಸಾ ಯಾವುದು, ಐ-140 ಅರ್ಜಿ ಯಾವ ಹಂತದಲ್ಲಿದೆ, ಕನ್ಯೆಗೆ ದುಡಿಯುವ ಅನುಮತಿ ಎಂದು ದೊರೆತೀತು ಎಂಬುದನ್ನು ನಿಶ್ಚಿತಾರ್ಥಕ್ಕೆ ಮುನ್ನವೇ ಕೇಳಿರಿ. ಉತ್ತರವನ್ನು ಕನ್ಯೆಯ ಎದುರಿನಲ್ಲಿಯೇ ಕೇಳಿರಿ. ಒಪ್ಪುವುದೋ ಬಿಡುವುದೋ ಅವಳೇ ನಿರ್ಧರಿಸಲಿ. ನಾನು ಹಾಗೆ ಮಾಡಲಿಲ್ಲ.