ದಿಂಬಂ ಘಟ್ಟದ ನೆತ್ತಿಯಿಂದ

ಮಹಾನಗರಗಳಲ್ಲಿ ಊರನ್ನು ಎತ್ತರದಿಂದ ನೋಡಲು ಚೀಟಿ ಕೊಂಡು ಗೋಪುರವೇರಬೇಕು. ತಾಳವಾಡಿ ಸೀಮೆಯ ಕುಟುಂಬಗಳಿಗೆ ದಿಂಬಂ ಘಟ್ಟವೇ ಆ ಗೋಪುರ. ಅದರ ನೆತ್ತಿಯಲ್ಲಿ ನಿಂತರೆ ಸತ್ಯಮಂಗಲದ ಬಯಲು, ಹೊಲ, ತೋಟ, ಮನೆಗಳ ಸಾಲು ಅಂಗೈಯಲ್ಲಿಟ್ಟಂತೆ ಕಾಣುತ್ತವೆ. “ಪೇಟೆ ಇಷ್ಟು ಹತ್ತಿರವೇ?” ಎನ್ನುತ್ತಾರೆ ಮಕ್ಕಳು. ಕಣ್ಣಿಗೆ ಹತ್ತಿರ ನಿಜ. ದಾರಿಗಾದರೋ 27 ತಿರುವುಗಳು.

1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಇಂದಿಗೂ ಈರೋಡಿನ ಜಿಲ್ಲಾ ಕಚೇರಿಗೆ ಹೋಗಬೇಕಾದವರು ಈ ಘಟ್ಟವನ್ನೇ ಇಳಿಯಬೇಕು; ಹುಲಿ ಸಂರಕ್ಷಿತ ಅರಣ್ಯವಾದ್ದರಿಂದ ಇರುಳಿನ ಸಂಚಾರಕ್ಕೆ ನಿರ್ಬಂಧವೂ ಉಂಟು. ಮನೆಯಲ್ಲೂ ಶಾಲೆಯಲ್ಲೂ ಕನ್ನಡವಾಡುವ ಈ ಮಕ್ಕಳು ನಾಳೆ ತಮಿಳಿನಲ್ಲಿ ಅರ್ಜಿ ಬರೆಯಬೇಕಾದ ಕಚೇರಿಗಳು ಅಲ್ಲೇ ಕೆಳಗಿವೆ. ಬಸ್ಸು ಇಳಿಯುವಾಗ ಅವರು ತಿರುವುಗಳನ್ನು ಕನ್ನಡದಲ್ಲೇ ಎಣಿಸುತ್ತಾರೆ: ಒಂದು, ಎರಡು, ಮೂರು.