ಭಾನುವಾರದ ರೇಸು, ಸೋಮವಾರದ ಸುದ್ದಿ

ಸಿಂಧನೂರು ಕಡೆ ಫಾರ್ಮುಲಾ ಒನ್ ಕಾರ್ ರೇಸು ನೋಡುವವರು ಎಷ್ಟು ಮಂದಿ ಅಂತ ಕೇಳಿದರೆ, ಎಣಿಸೋಕೆ ಎರಡು ಕೈ ಬೆರಳು ಸಾಕು. ನಮ್ಮದು ಭತ್ತದ ಊರು. ಇಲ್ಲಿ ಟ್ರ್ಯಾಕ್ಟರ್ ಶೋರೂಮಿನ ಮುಂದೆ ನಿಂತು ಹಾರ್ಸ್‌ಪವರ್ ಲೆಕ್ಕ ಹಾಕುವವರು ಬೇಕಾದಷ್ಟು ಸಿಗುತ್ತಾರೆ. ಗಂಟೆಗೆ 300 ಕಿಲೋಮೀಟರ್ ಓಡುವ ಕಾರಿನ ಟೈರಿನ ಬಗ್ಗೆ ಜಗಳ ಆಡುವವರು ಸಿಗುವುದು ಕಷ್ಟ. ಆದರೂ ನಾವು ನಾಲ್ಕು ಮಂದಿ ಇದ್ದೇವೆ. ಒಬ್ಬರು ಟ್ರ್ಯಾಕ್ಟರ್ ಮೆಕ್ಯಾನಿಕ್, ಒಬ್ಬರು ಮಸ್ಕಿಯ ಮಾಸ್ತರು, ಒಬ್ಬ ಲಿಂಗಸುಗೂರಿನ ಮೊಬೈಲ್ ಅಂಗಡಿ ಹುಡುಗ. ನಾಲ್ಕನೆಯವರು ಪತ್ರಿಕೆಗೆ ಸುದ್ದಿ ಕಳಿಸುತ್ತಾ ಈ ಸಾಲು ಬರೆಯುತ್ತಿರುವ ನಾವು.

ಯುರೋಪಿನ ರೇಸುಗಳು ಬಹಳಷ್ಟು ಸಲ ನಮ್ಮ ಗಡಿಯಾರದಲ್ಲಿ ಸಂಜೆ ಆರೂವರೆಗೆ ಶುರುವಾಗುತ್ತವೆ. ಹೊಲದಿಂದ ಬಂದು ಕೈಕಾಲು ತೊಳೆದು ಕೂರುವ ಹೊತ್ತು ಅದು. ರೇಸು ಎರಡು ತಾಸಿನೊಳಗೆ ಮುಗಿಯುತ್ತದೆ, ಜಗಳ ಮಾತ್ರ ವಾರವಿಡೀ ನಡೆಯುತ್ತದೆ. ಯಾರು ಗೆದ್ದರು ಅನ್ನೋದಕ್ಕಿಂತ ನಿಯಮ ಸರಿಯೋ ತಪ್ಪೋ, ಅದರ ಹಿಂದೆ ಯಾರ ರಾಜಕೀಯ ಇದೆ, ಟಿವಿಗಾಗಿ ಹೀಗೆ ಮಾಡಿದರಾ ಅನ್ನುವುದರ ಮೇಲೇ ನಮ್ಮ ಜಗಳ.

ಈ ಜಗಳದಿಂದ ನಮ್ಮ ಕೆಲಸಕ್ಕೆ ಏನು ಸಿಕ್ಕಿತು ಅನ್ನುವುದನ್ನು ಹೇಳಬೇಕಿದೆ. ಅದಕ್ಕೆ ಮೊದಲು ಜಗಳ ಎಂಥದ್ದು ಅಂತ ತಿಳಿಸಬೇಕು.

2021ರ ಡಿಸೆಂಬರ್ 12, ಅಬುಧಾಬಿ, ವರ್ಷದ ಕೊನೆಯ ರೇಸು. ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್ಸ್ಟಾಪೆನ್ ಇಬ್ಬರಿಗೂ ಸರಿಸಮ, ತಲಾ 369.5 ಅಂಕ. ಮುಂದೆ ಬಂದವನೇ ವಿಶ್ವ ಚಾಂಪಿಯನ್. 58 ಸುತ್ತಿನ ರೇಸಿನಲ್ಲಿ ಹ್ಯಾಮಿಲ್ಟನ್ ಆರಾಮಾಗಿ ಮುಂದಿದ್ದರು. ಐದಾರು ಸುತ್ತು ಉಳಿದಾಗ ಹಿಂದಿನ ಒಂದು ಕಾರು ಗೋಡೆಗೆ ಬಡಿಯಿತು. ಆಗ ಸೇಫ್ಟಿ ಕಾರ್ ಬಂತು. ಅದು ಎಲ್ಲರ ಮುಂದೆ ನಿಧಾನವಾಗಿ ಹೋಗುತ್ತದೆ, ಹಿಂದಿನವರು ಅದನ್ನಾಗಲಿ ಒಬ್ಬರನ್ನೊಬ್ಬರಾಗಲಿ ದಾಟುವಂತಿಲ್ಲ. ಹೀಗಾಗಿ ಅಷ್ಟು ಹೊತ್ತು ಬೆವರು ಸುರಿಸಿ ಗಳಿಸಿದ ಅಂತರವೆಲ್ಲ ಕರಗಿಹೋಗುತ್ತದೆ.

ವೆರ್ಸ್ಟಾಪೆನ್ ಹೊಸ ಟೈರು ಹಾಕಿಸಿಕೊಂಡು ಬಂದರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ರೇಸಿನ ಮೇಲ್ವಿಚಾರಕ ಮೈಕೆಲ್ ಮಾಸಿ ಆ ಐದಕ್ಕೆ ಮಾತ್ರ ಮುಂದೆ ಹೋಗಲು ಬಿಟ್ಟರು, ಉಳಿದವಕ್ಕೆ ಬಿಡಲಿಲ್ಲ. ಸೇಫ್ಟಿ ಕಾರನ್ನೂ ಒಂದು ಸುತ್ತು ಮೊದಲೇ ಒಳಕ್ಕೆ ಕರೆದರು. ಉಳಿದದ್ದು ಒಂದೇ ಸುತ್ತು. ಹಳೇ ಟೈರಿನ ಹ್ಯಾಮಿಲ್ಟನ್ ಸೋತರು, ವೆರ್ಸ್ಟಾಪೆನ್ ಚಾಂಪಿಯನ್ ಆದರು.

ನಿಯಮದ ಪುಸ್ತಕದಲ್ಲಿ ‘ಹಿಂದೆ ಬಿದ್ದ ಯಾವುದೇ ಕಾರು’ ಅಂತ ಇತ್ತು. ‘ಯಾವುದೇ’ ಅಂದರೆ ಎಲ್ಲ ಕಾರುಗಳೋ, ಬೇಕಾದ ಐದೋ? ಮೊಬೈಲ್ ಅಂಗಡಿ ಹುಡುಗ, “ರೇಸು ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಆಗಿ ಮುಗಿದಿದ್ರ ಯಾರ್ ನೋಡ್ತಿದ್ರು?” ಅಂದ. ಮಾಸ್ತರಿಗೆ ಸಿಟ್ಟು ಬಂತು. “ನೋಡೋರಿಗೆ ಚೆಂದ ಕಾಣ್ಲಿ ಅಂತ ಪರೀಕ್ಷೆ ನಡುವ ಪ್ರಶ್ನೆಪತ್ರಿಕೆ ಬದಲಿಸ್ತೀರೇನು? ನಮ್ಮೂರಾಗ ಅಶೋಕನ ಶಾಸನ ಬಂಡಿ ಮ್ಯಾಲ ಐತಿ. ಯಾರೂ ವೈರ್‌ಲೆಸ್‌ನ್ಯಾಗ ಮಾತಾಡಿ ತಿದ್ದಾಕ ಬರಂಗಿಲ್ಲ.”

ವೈರ್‌ಲೆಸ್ ಮಾತು ಸುಮ್ಮನೆ ಬಂದದ್ದಲ್ಲ. ಆ ವರ್ಷ ತಂಡದ ಮುಖ್ಯಸ್ಥರು ಮೇಲ್ವಿಚಾರಕನಿಗೆ ನೇರವಾಗಿ ರೇಡಿಯೊದಲ್ಲಿ ಒತ್ತಡ ಹಾಕುವುದನ್ನು ಟಿವಿಯಲ್ಲೇ ಕೇಳಿಸುತ್ತಿದ್ದರು. ಜನಕ್ಕೆ ಅದೊಂದು ಮಜಾ ಆಗಿತ್ತು. ಅಬುಧಾಬಿಯ ನಂತರ ಆ ನೇರ ಮಾತುಕತೆ ನಿಲ್ಲಿಸಿದರು. 2022ರ ಫೆಬ್ರುವರಿಯಲ್ಲಿ ಮಾಸಿಯನ್ನು ಆ ಹುದ್ದೆಯಿಂದ ತೆಗೆದರು. ಮಾರ್ಚ್‌ನಲ್ಲಿ ಮೋಟಾರ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ತನಿಖಾ ವರದಿ ಹೊರಗಿಟ್ಟಿತು. ಫಲಿತಾಂಶ ಬದಲಾಗಲಿಲ್ಲ, ನಿಯಮದ ಮಾತು ಬದಲಾಯಿತು. ‘ಯಾವುದೇ’ ಇದ್ದಲ್ಲಿ ‘ಎಲ್ಲ’ ಅಂತ ಬರೆದರು.

ಆ ಅರ್ಧ ಅಂಕದ ಕಥೆಯೂ ಹೀಗೇ. 2021ರ ಆಗಸ್ಟಿನಲ್ಲಿ ಬೆಲ್ಜಿಯಂನಲ್ಲಿ ದಿನವಿಡೀ ಮಳೆ. ಸೇಫ್ಟಿ ಕಾರಿನ ಹಿಂದೆ ಎರಡು ಮೂರು ಸುತ್ತು ಸುತ್ತಿಸಿ, ರೇಸು ಮುಗಿಯಿತೆಂದು ಅರ್ಧ ಅಂಕ ಹಂಚಿದರು. ಒಬ್ಬರು ಇನ್ನೊಬ್ಬರನ್ನು ದಾಟಿದ್ದೇ ಇಲ್ಲ. ದುಡ್ಡು ಕೊಟ್ಟು ಬಂದವರು ಮಳೆಯಲ್ಲಿ ನೆನೆದು ಮನೆಗೆ ಹೋದರು. ಟಿವಿ ಕಂಪನಿಗಳ ಒಪ್ಪಂದ ಉಳಿಸಲು ಹೀಗೆ ಮಾಡಿದರು ಅಂತ ಅಭಿಮಾನಿಗಳ ಆರೋಪ. ಸಂಘಟಕರು ಒಪ್ಪಲಿಲ್ಲ. ಆದರೆ ಮರುವರ್ಷ ಹೊಸ ನಿಯಮ ಬಂತು: ಸೇಫ್ಟಿ ಕಾರ್ ಇಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಅಂಕ ಇಲ್ಲ.

ನಮ್ಮ ದೇಶದ ಹೆಸರು ಸಿಕ್ಕಿಕೊಂಡಿರುವ ಜಗಳವೂ ಒಂದಿದೆ. ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಭಾರತೀಯ ಚಾಲಕ ನಾರಾಯಣ್ ಕಾರ್ತಿಕೇಯನ್ ಒಬ್ಬರೇ. 2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೇ ಸ್ಥಾನ, ಐದು ಅಂಕ. ಆದರೆ ಆ ದಿನ ಓಡಿದ್ದು ಆರೇ ಕಾರು. ಮಿಶೆಲಿನ್ ಟೈರು ಆ ಟ್ರ್ಯಾಕಿನ ತಿರುವಿನಲ್ಲಿ ತಾಳುವುದಿಲ್ಲ ಎಂದು ಗೊತ್ತಾಗಿತ್ತು. ತಿರುವಿನಲ್ಲಿ ವೇಗ ತಗ್ಗಿಸಲು ಅಡ್ಡ ವ್ಯವಸ್ಥೆ ಮಾಡಿ ಅಂತ ತಂಡಗಳು ಕೇಳಿದವು. ನಿಯಮ ಬದಲಿಸಲಾಗದು ಅಂತ ಎಫ್‌ಐಎ ಕೂತಿತು. ಮಿಶೆಲಿನ್ ಟೈರಿನ 14 ಕಾರುಗಳು ಒಂದು ಸುತ್ತು ಬಂದು ಹಾಗೇ ಒಳಗೆ ಹೋದವು.

“ಬಿಟ್ಟಿ ಬಂದ ಅಂಕ” ಅಂತ ಹುಡುಗ ನಕ್ಕ. ಮೆಕ್ಯಾನಿಕ್ ಅಣ್ಣ ಬಿಡಲಿಲ್ಲ. “ಟೈರ್ ತಾಳೋದು ನೋಡ್ಕೊಳ್ಳೋದೂ ರೇಸೇ ಅಲ್ಲೇನಪಾ? ಬರಗಾಲದಾಗ ಬೆಳೆ ಉಳಿಸ್ಕೊಂಡವನಿಗೆ ಬಿಟ್ಟಿ ಬಂತು ಅಂತೀ?” ನಮ್ಮಲ್ಲಿ ಈ ವಿಷಯ ಇನ್ನೂ ತೀರ್ಮಾನ ಆಗಿಲ್ಲ.

ರಾಜಕೀಯಕ್ಕೆ ಬಂದರೆ ಕರ್ನಾಟಕದ ನಂಟೂ ಇದೆ. ವಿಜಯ್ ಮಲ್ಯ 2008ರಿಂದ ಫೋರ್ಸ್ ಇಂಡಿಯಾ ತಂಡ ಓಡಿಸಿದರು. 2009ರಲ್ಲಿ ಬೆಲ್ಜಿಯಂನಲ್ಲಿ ಆ ತಂಡದ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಅದೇ ಮಲ್ಯ 2002 ಮತ್ತು 2010ರಲ್ಲಿ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದವರು. 2016ರಲ್ಲಿ ಬ್ಯಾಂಕ್ ಸಾಲ ಬಾಕಿ ಇಟ್ಟು ದೇಶ ಬಿಟ್ಟರು. ಅವರ ವಿಮಾನ ಕಂಪನಿಯ ನೌಕರರು ಸಂಬಳಕ್ಕೆ ಬಾಯಿ ಬಾಯಿ ಬಡಿದುಕೊಂಡರು. ತಂಡವೂ 2018ರಲ್ಲಿ ಬೇರೆಯವರ ಪಾಲಾಯಿತು. ಹಾಗಾಗಿ ಆ ತಂಡದ ತ್ರಿವರ್ಣದ ಕಾರಿಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಅನ್ನುವುದೂ ನಮ್ಮಲ್ಲಿ ಜಗಳವೇ.

ಭಾರತದಲ್ಲಿ ಈ ರೇಸು ನಡೆದದ್ದು ಮೂರೇ ವರ್ಷ, 2011ರಿಂದ 2013ರವರೆಗೆ, ದೆಹಲಿ ಹತ್ತಿರದ ಬುದ್ಧ ಸರ್ಕಿಟ್‌ನಲ್ಲಿ. ಇದು ಕ್ರೀಡೆಯಲ್ಲ, ಮನರಂಜನೆ ಅಂತ ಉತ್ತರ ಪ್ರದೇಶ ಸರ್ಕಾರ ತೆರಿಗೆ ಕೇಳಿತು. ಆದಾಯ ತೆರಿಗೆಯ ಇನ್ನೊಂದು ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಫಾರ್ಮುಲಾ ಒನ್ ಕಂಪನಿ ಇಲ್ಲಿ ತೆರಿಗೆ ಕಟ್ಟಬೇಕೆಂದು 2017ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ ರೇಸು ನಿಂತು ನಾಲ್ಕು ವರ್ಷ ಆಗಿತ್ತು.

ಇನ್ನು ನೋಡುವುದು. ಮೊದಲು ಡಿಶ್ ಇದ್ದರೆ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬರುತ್ತಿತ್ತು. 2022ಕ್ಕೆ ಆ ಒಪ್ಪಂದ ಮುಗಿಯಿತು. 2024ರಿಂದ ಫ್ಯಾನ್‌ಕೋಡ್ ಆ್ಯಪಿಗೆ ದುಡ್ಡು ಕಟ್ಟಿ ನೋಡಬೇಕು. ಭಾರತದ ಮುಖ್ಯ ಕ್ರಿಕೆಟ್ ಪಂದ್ಯ, ಒಲಿಂಪಿಕ್ಸ್‌ನಂಥವನ್ನು ದೂರದರ್ಶನಕ್ಕೂ ಕೊಡಲೇಬೇಕೆಂದು 2007ರ ಕಾಯ್ದೆ ಇದೆ. ಮೋಟಾರ್ ರೇಸು ಆ ಪಟ್ಟಿಯಲ್ಲಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ರೇಸು ಗೆದ್ದಾಗ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಅದು ಕಂಡಿತು? ನಾವು ನಾಲ್ವರು ಒಂದೇ ಫೋನಿಗೆ ತಲೆ ಹಾಕಿ ನೋಡಿದೆವು. ಅದೂ ಕಾಮೆಂಟರಿ ಇಂಗ್ಲಿಷಿನದು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಟ್ರ್ಯಾಕ್ಟರ್ ಸ್ಪರ್ಧೆ ಹಾಗಲ್ಲ. ಟ್ರಾಲಿ ಕಟ್ಟಿಕೊಂಡು ರಿವರ್ಸ್ ಓಡಿಸುವುದು, ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವುದು ಎಲ್ಲ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ, ಅದೂ ನಮ್ಮದೇ ಮಾತಿನ ಕಾಮೆಂಟರಿ ಜತೆ. ಆದರೆ ಆ ವಿಡಿಯೊಗಳನ್ನು ನೋಡುವಾಗ ಮಾಸ್ತರು ಸ್ಪರ್ಧೆ ನೋಡುವುದಿಲ್ಲ, ಜನ ನಿಂತ ಜಾಗ ನೋಡುತ್ತಾರೆ. ಮುಂದಿನ ಗಾಲಿ ಮೇಲೆದ್ದ ಟ್ರ್ಯಾಕ್ಟರಿನ ಪಕ್ಕದಲ್ಲೇ ಸಣ್ಣ ಹುಡುಗರು ಫೋನ್ ಹಿಡಿದು ನಿಂತಿರುತ್ತಾರೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಕಾರು ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಅದಾದ ಮೇಲೇ ರೇಸು ನಡೆಸುವವರಿಗೆ ಜನರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಮೊದಲ ಪ್ರಶ್ನೆ ಆಯಿತು.

ನಮ್ಮ ದೊಡ್ಡ ಜಗಳ ನಡೆದದ್ದು ಮಾತ್ರ ಇದ್ಯಾವುದರ ಮೇಲೂ ಅಲ್ಲ. ಅದು ಹೇಲೋ ಮೇಲೆ. ಹೇಲೋ ಅಂದರೆ ಚಾಲಕನ ತಲೆಯ ಸುತ್ತ ಇರುವ ಗಟ್ಟಿ ಲೋಹದ ಬಳೆ. 2018ರಲ್ಲಿ ಅದನ್ನು ಕಡ್ಡಾಯ ಮಾಡಿದಾಗ ಜಗತ್ತಿನ ಅಭಿಮಾನಿಗಳೆಲ್ಲ ಬೈದರು. ಕಾರು ಅಂದಗೆಟ್ಟಿತು, ಚಾಲಕನ ಮುಖ ಕಾಣುವುದಿಲ್ಲ, ಅಪಾಯ ಇಲ್ಲದ್ದು ರೇಸೇ ಅಲ್ಲ ಅಂದರು.

ಅದು ಬರಲು ಹಿಂದೊಂದು ಸಾವಿತ್ತು. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಮಳೆಯ ನಡುವೆ ಜೂಲ್ಸ್ ಬಿಯಾಂಕಿ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತಲು ಬಂದಿದ್ದ ಭಾರಿ ಯಂತ್ರಕ್ಕೆ ಹೊಡೆಯಿತು. ಒಂಬತ್ತು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿ ಆ ಹುಡುಗ ತೀರಿಕೊಂಡ. ಚಾಲಕ ನಿಧಾನಿಸಬೇಕಿತ್ತು ಎಂದು ಅವನ ತಪ್ಪನ್ನೂ ಎಣಿಸಿದರು. ಆದರೆ ಅಲ್ಲಿಗೇ ಬಿಡಲಿಲ್ಲ. ಮರುವರ್ಷವೇ ಅಪಾಯದ ಹೊತ್ತಿನಲ್ಲಿ ಎಲ್ಲ ಕಾರುಗಳೂ ಕಡ್ಡಾಯವಾಗಿ ವೇಗ ಇಳಿಸುವ ಹೊಸ ಪದ್ಧತಿ ತಂದರು. ಆಮೇಲೆ ಹೇಲೋ ಬಂತು.

2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೈನ್ ಗ್ರೋಜಾನ್ ಕಾರು ತಡೆಗೋಡೆಯ ಕಬ್ಬಿಣ ಸೀಳಿ ಎರಡು ತುಂಡಾಗಿ ಉರಿಯಿತು. ಬೆಂಕಿಯೊಳಗಿಂದ ಅವರು ತಾವೇ ಎದ್ದು ಬಂದರು. ಕೈ ಸುಟ್ಟಿತ್ತು, ತಲೆ ಉಳಿದಿತ್ತು. ಹೇಲೋಗೆ ಮೊದಲು ವಿರೋಧ ಹೇಳಿದವರಲ್ಲಿ ಅವರೂ ಒಬ್ಬರು. ಮರುವರ್ಷ ಮೋನ್ಜಾದಲ್ಲಿ ವೆರ್ಸ್ಟಾಪೆನ್ ಕಾರು ಹ್ಯಾಮಿಲ್ಟನ್ ತಲೆ ಮೇಲೇ ಹತ್ತಿತು. ಅಲ್ಲೂ ಕಾಯ್ದದ್ದು ಅದೇ ಬಳೆ. ಆದರೂ ನಿಯಮ ಬರೆದ ಮಾತ್ರಕ್ಕೆ ಮುಗಿಯುವುದಿಲ್ಲ. 2022ರಲ್ಲಿ ಅದೇ ಸುಜುಕಾದಲ್ಲಿ, ಅದೇ ಮಳೆಯಲ್ಲಿ, ಕಾರುಗಳು ಇನ್ನೂ ಟ್ರ್ಯಾಕಿನಲ್ಲಿರುವಾಗಲೇ ಮತ್ತೆ ಅಂಥದೇ ಯಂತ್ರ ಒಳಗೆ ಬಂತು. ಚಾಲಕರು ಸಿಟ್ಟಿನಿಂದ ಕೂಗಾಡಿದರು.

ಈ ಮಾತು ಮುಗಿದ ಭಾನುವಾರದ ಮರುದಿನ ಮುಂಜಾನೆ ನಮಗೆ ಫೋನ್ ಬರುತ್ತದೆ. ನಾಟಿ ಹಂಗಾಮಿನಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಇಂಥ ಫೋನು ಹೊಸದೇನಲ್ಲ. ಕೂಲಿಗೆ ಹೊರಟ ಹೆಣ್ಣುಮಕ್ಕಳಿದ್ದ ಟ್ರಾಲಿ ಕಾಲುವೆ ಪಕ್ಕ ಪಲ್ಟಿ. ಸುದ್ದಿಗೆ ಸಿಗುವ ಜಾಗ ಎಂಬತ್ತು ಪದ. ಅದರಲ್ಲಿ ಒಂದು ಸಾಲು ಸಿದ್ಧವಾಗಿಯೇ ಇರುತ್ತದೆ: ‘ಚಾಲಕನ ನಿಯಂತ್ರಣ ತಪ್ಪಿ’. ದೂರಿನಲ್ಲೂ ಅದೇ, ಪತ್ರಿಕೆಯಲ್ಲೂ ಅದೇ. ಚಾಲಕನ ಹೆಸರು ಬರೆದರೆ ಕಥೆ ಮುಗಿಯಿತು.

ಟ್ರಾಲಿಯಲ್ಲಿ ಜನರನ್ನು ಸಾಗಿಸುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಬೆಳಗಿನ ಐದೂವರೆಗೆ ಹೊಲದ ದಾರಿಗೆ ಬಸ್ಸು ಇಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ಬಿಯಾಂಕಿ ಸತ್ತಾಗ ‘ನಿಯಂತ್ರಣ ತಪ್ಪಿ’ ಅಂತ ಬರೆದು ಕೈ ತೊಳೆದುಕೊಂಡಿದ್ದರೆ, ಗ್ರೋಜಾನ್ ಇವತ್ತು ಇರುತ್ತಿದ್ದರೇ? ಕೋಟಿಗಟ್ಟಲೆ ದುಡ್ಡು ಸುರಿಯುವ ಆಟದಲ್ಲಿ, ಸುಮಾರು ಇಪ್ಪತ್ತು ಚಾಲಕರ ತಲೆಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ದಿನಗೂಲಿಗೆ ಹೊರಟ ಇಪ್ಪತ್ತು ಹೆಣ್ಣುಮಕ್ಕಳ ಟ್ರಾಲಿಗೆ ಒಂದು ಪ್ರಶ್ನೆಯೂ ಬೇಡವೇ?

“ರೇಸಿನ ಜಗಳ ಗೆದ್ದು ಏನ್ ಸಿಗ್ತದ್ರೀ ನಿಮಗ?” ಅಂತ ಮನೆಯವರು ಕೇಳುತ್ತಾರೆ. ನಮಗೆ ಸಿಕ್ಕದ್ದು ಆ ಪ್ರಶ್ನೆ ಕೇಳುವ ಅಭ್ಯಾಸ. ಈಗ ಸ್ಥಳಕ್ಕೆ ಹೋದಾಗ ಗಾಡಿಗಿಂತ ಮೊದಲು ರಸ್ತೆ ನೋಡುತ್ತೇವೆ. ಕಾಲುವೆ ಪಕ್ಕ ತಡೆಗೋಡೆ ಇತ್ತೇ? ತಿರುವಿಗೆ ಫಲಕ ಇತ್ತೇ? ಟ್ರಾಲಿ ಹಿಂದೆ ರಿಫ್ಲೆಕ್ಟರ್ ಅಂಟಿಸಿತ್ತೇ? ಇದೇ ಜಾಗದಲ್ಲಿ ಮೊದಲೂ ಬಿದ್ದಿದ್ದರೇ, ಬಿದ್ದಿದ್ದರೆ ಆಮೇಲೆ ಏನು ಬದಲಾಯಿತು? ಎಂಬತ್ತು ಪದದಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಒಂದು ಪ್ರಶ್ನೆಯಾದರೂ ಹಿಡಿಸುತ್ತದೆ.

ನಿಮ್ಮೂರ ದಾರಿಯಲ್ಲಿ ಗಾಡಿ ಪಲ್ಟಿಯಾದರೆ ಮೊದಲು 108ಕ್ಕೆ ಫೋನ್ ಮಾಡಿ. ಬಿದ್ದವರ ವಿಡಿಯೊ ಹಿಡಿಯಬೇಡಿ. ಎಲ್ಲರೂ ಆಸ್ಪತ್ರೆ ಸೇರಿದ ಮೇಲೆ ನಮಗೊಂದು ಫೋಟೊ ಕಳಿಸಿ. ಗಾಡಿಯದ್ದು ಬೇಡ, ರಸ್ತೆಯದ್ದು.